ಲ್ಯಾಪ್‌ಟಾಪಿನ ಪರದೆಯನ್ನು ಆರಿಸುವ ಬಗೆ

(ಅಂಬ್ಲಿಗೊಳದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಗಳ ವಿಚಾರ ಹೇಳುವುದು ನನ್ನ ಕೆಲಸ. ಇಂದು ಅವನ್ನು ಬದಿಗಿಟ್ಟು ಲ್ಯಾಪ್‌ಟಾಪಿನ ಪರದೆಯ ವಿಚಾರವನ್ನು ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣವುಂಟು. ಅಡಿಕೆಯನ್ನೋ ಮೆಕ್ಕೆಜೋಳವನ್ನೋ ಮಾರಿದ ಹಣದಲ್ಲಿ ಮಕ್ಕಳ ಓದಿಗೆಂದು ಲ್ಯಾಪ್‌ಟಾಪ್ ತರುವ ಮನೆಗಳು ನಮ್ಮಲ್ಲಿವೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಲ್ಯಾಪ್‌ಟಾಪ್ ಕೊಳ್ಳುವಾಗ ಮಾತ್ರ ಅಂಗಡಿಯವರು ತೋರಿದ್ದನ್ನೇ ಕಟ್ಟಿಸಿಕೊಂಡು ಬರುತ್ತೇವೆ. ಮುಂದೆ ನಾಲ್ಕೈದು ವರ್ಷ ಮನೆಯವರೆಲ್ಲರ ಕಣ್ಣು ನೆಡುವುದು ಆ ಪರದೆಯ ಮೇಲೆಯೇ ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ನೆನಪಿನ ಶಕ್ತಿಯನ್ನು, ಅಂದರೆ ರ್‍ಯಾಮನ್ನು, ಆಮೇಲೆ ಹೆಚ್ಚಿಸಿಕೊಳ್ಳಬಹುದು. ಪರದೆಯನ್ನು ಹಾಗೆ ಸುಲಭವಾಗಿ ಬದಲಿಸಲಾಗದು. ಅಡಿಕೆ ಸಸಿಯನ್ನು ಒಂಬತ್ತು ಅಡಿಗೊಂದರಂತೆ ನೆಡಬೇಕೆಂಬುದನ್ನು ಗುಂಡಿ ತೋಡುವ ದಿನವೇ ನಿಶ್ಚಯಿಸಬೇಕು. ಮರ ಫಲಕ್ಕೆ ಬಂದ ಮೇಲೆ ಅಂತರ ತಿದ್ದಲಾಗುವುದಿಲ್ಲ. ಪರದೆಯೂ ಹಾಗೆಯೇ.

ಇಂಚಿನ ಅಳತೆ

ಅಂಗಡಿಯಲ್ಲಿ 14 ಇಂಚು, 15.6 ಇಂಚು ಎನ್ನುತ್ತಾರೆ. ಇದು ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಮೇಲಿನ ಒಂದು ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ದಾರ ಹಿಡಿದರೆ ಬರುವ ಉದ್ದ. ಗದ್ದೆಯನ್ನು ಯಾರೂ ಹೀಗೆ ಮೂಲೆಯಿಂದ ಮೂಲೆಗೆ ಅಳೆದು ಕ್ರಯ ಕಟ್ಟುವುದಿಲ್ಲ. ಪರದೆಯಲ್ಲಿಯೂ ಆಕಾರವನ್ನು ನೋಡಬೇಕು.

ಸಾಮಾನ್ಯ ಪರದೆಯ ಅಗಲಕ್ಕೂ ಎತ್ತರಕ್ಕೂ 16ಕ್ಕೆ 9ರ ಪ್ರಮಾಣವಿರುತ್ತದೆ. ಇಂಥ 15.6 ಇಂಚಿನ ಪರದೆಯ ಎತ್ತರ ಸುಮಾರು 19.4 ಸೆಂಟಿಮೀಟರು. ಈಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ 16ಕ್ಕೆ 10ರ ಪ್ರಮಾಣವಿರುತ್ತದೆ. ಅಂಥ 14 ಇಂಚಿನ ಪರದೆಯ ಎತ್ತರ ಸುಮಾರು 18.8 ಸೆಂಟಿಮೀಟರು. ಹೆಸರಿಗೆ ಒಂದೂವರೆ ಇಂಚು ಚಿಕ್ಕದಾದರೂ ಎತ್ತರದಲ್ಲಿ ಅರ್ಧ ಸೆಂಟಿಮೀಟರಿನಷ್ಟೇ ಕಡಮೆ. ಓದುವುದಕ್ಕೂ ಬರೆಯುವುದಕ್ಕೂ ಪುಟ ಇಳಿಯುವುದು ಮೇಲಿನಿಂದ ಕೆಳಕ್ಕೆ. ಆದುದರಿಂದ ಎತ್ತರವಿದ್ದ ಪರದೆ ವಿದ್ಯಾರ್ಥಿಗೆ ಅನುಕೂಲ.

ಚುಕ್ಕೆಗಳ ಲೆಕ್ಕ

ಅಂಬ್ಲಿಗೊಳ ಜಲಾಶಯದ ನೀರು ಹರಿಯುವ ಎರಡು ಗದ್ದೆಗಳಿವೆ ಎಂದುಕೊಳ್ಳಿ. ವಿಸ್ತೀರ್ಣ ಎರಡರದೂ ಒಂದೇ. ಒಂದರಲ್ಲಿ 20ಕ್ಕೆ 10 ಸೆಂಟಿಮೀಟರಿನಂತೆ ನಾಟಿ ಮಾಡಿದರೆ ಚದರ ಮೀಟರಿಗೆ 50 ಗುಣಿ ಕೂರುತ್ತವೆ. ಇನ್ನೊಂದರಲ್ಲಿ 20ಕ್ಕೆ 20ರಂತೆ ನೆಟ್ಟರೆ 25 ಮಾತ್ರ. ಗದ್ದೆಯ ಅಳತೆ ಬೇರೆ, ಗುಣಿಗಳ ಸಂಖ್ಯೆ ಬೇರೆ.

ಪರದೆಯ ಮೇಲಿನ ಚಿತ್ರವೂ ಅಕ್ಷರವೂ ಇಂಥ ಸಣ್ಣ ಸಣ್ಣ ಚುಕ್ಕೆಗಳಿಂದ ಆದವು. ಇವಕ್ಕೆ ಪಿಕ್ಸೆಲ್ ಎಂದು ಹೆಸರು. ಅವುಗಳ ಲೆಕ್ಕಕ್ಕೆ ರೆಸಲ್ಯೂಷನ್ ಎನ್ನುತ್ತಾರೆ. ಬರಿಯ ‘ಎಚ್‌ಡಿ’ ಎಂದು ಬರೆದ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕೆಗಳು. ‘ಫುಲ್ ಎಚ್‌ಡಿ’ ಎಂದರೆ 1920ಕ್ಕೆ 1080, ಸುಮಾರು 20 ಲಕ್ಷ 73 ಸಾವಿರ. ಹೆಸರಿನಲ್ಲಿ ಒಂದು ಪದದ ಅಂತರ. ಚುಕ್ಕೆಗಳಲ್ಲಿ ಸುಮಾರು ಎರಡು ಪಾಲಿನ ಅಂತರ. ಎಚ್‌ಡಿ ಎಂಬ ಅಕ್ಷರ ಕಂಡೊಡನೆ ತೃಪ್ತಿಪಡದೆ ಅಂಕಿಯನ್ನೇ ಕೇಳಿರಿ.

ದೊಡ್ಡದೆಲ್ಲ ಸ್ಪಷ್ಟವೆಂದು ತಿಳಿಯಬಾರದು. 32 ಇಂಚಿನ ಟಿ.ವಿ. ಕೂಡ 1366ಕ್ಕೆ 768ರದೇ ಆಗಿದ್ದರೆ ಅದರಲ್ಲಿ ಇಂಚಿಗೆ 49 ಚುಕ್ಕೆಗಳು ಮಾತ್ರ. 15.6 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ 141. ಟಿ.ವಿ.ಯನ್ನು ದೂರ ಕುಳಿತು ನೋಡುತ್ತೇವೆ, ಸರಿಹೋಗುತ್ತದೆ. ಲ್ಯಾಪ್‌ಟಾಪನ್ನು ಒಂದು ಮೊಳ, ಒಂದೂವರೆ ಮೊಳದಲ್ಲಿಟ್ಟು ಓದುತ್ತೇವೆ.

ಕನ್ನಡ ಓದುವವರಿಗೆ ಇದು ಏಕೆ ಮುಖ್ಯ?

ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಿಂತುಬಿಡುತ್ತದೆ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಣಿತ, ಕಾಲ ಕೆಳಗೆ ಒತ್ತು. ‘ರಾಷ್ಟ್ರ’ ಎಂದು ಬರೆದರೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವಣ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳು. ಚುಕ್ಕೆ ಸಾಲದ ಪರದೆಯಲ್ಲಿ ಸಣ್ಣಕ್ಷರವಿದ್ದಾಗ ಆ ಸೀಳು ಮುಚ್ಚಿಹೋಗುತ್ತದೆ, ಒತ್ತಕ್ಷರ ಕಪ್ಪು ಮುದ್ದೆಯಾಗುತ್ತದೆ. 3 ಮತ್ತು 8 ಅಂಕಿಗಳೂ ಒಂದರಂತೊಂದು ಕಾಣುತ್ತವೆ.

2000ದ ಸುಮಾರಿನಲ್ಲಿ ಬಂದ ‘ಭೂಮಿ’ ಯೋಜನೆಯಿಂದ ನಮ್ಮ ಪಹಣಿಗಳು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಬಂದವು. ಪಹಣಿ ಅಗಲವಾದ ನಮೂನೆ. ಅಂಕಣಗಳು ಹಲವು, ಅಕ್ಷರ ಸಣ್ಣದು. ಹಿಸ್ಸಾ ನಂಬರು, ಗುಂಟೆ, ಖಾತೆದಾರರ ಹೆಸರು ಎಲ್ಲವೂ ಅದರಲ್ಲಿವೆ. ಸಾಲಕ್ಕೋ ಬೆಳೆ ವಿಮೆಗೋ ಅರ್ಜಿ ತುಂಬುವಾಗ 3 ಗುಂಟೆಯನ್ನು 8 ಎಂದು ಓದಿ ಬರೆದರೆ ಅಲೆದಾಟ ನಮ್ಮದೇ. ಆದುದರಿಂದ ಚುಕ್ಕೆಯ ಲೆಕ್ಕವನ್ನು ಷೋಕಿಯ ಮಾತೆಂದು ತಳ್ಳಿಹಾಕುವಂತಿಲ್ಲ.

ಹಿರಿಯರು ಒಂದು ಆಕ್ಷೇಪ ಎತ್ತುವುದುಂಟು: “ಚುಕ್ಕೆ ಹೆಚ್ಚಾದರೆ ಅಕ್ಷರ ಇನ್ನೂ ಸಣ್ಣದಾಗುತ್ತದಲ್ಲ?” ಮಾತು ನಿಜ, ಆದರೆ ಪರಿಹಾರವುಂಟು. ಸೆಟ್ಟಿಂಗ್ಸಿನಲ್ಲಿ ಡಿಸ್‌ಪ್ಲೇ ಎಂಬಲ್ಲಿ ಹೋಗಿ ಸ್ಕೇಲ್ ಎಂಬುದನ್ನು 100ರಿಂದ 125ಕ್ಕೋ 150ಕ್ಕೋ ಏರಿಸಬೇಕು. 15.6 ಇಂಚಿನ ಫುಲ್ ಎಚ್‌ಡಿಯಲ್ಲಿ 150ಕ್ಕೆ ಏರಿಸಿದರೆ ಅಕ್ಷರವು ಅದೇ ಅಳತೆಯ ಎಚ್‌ಡಿ ಪರದೆಯ ಅಕ್ಷರಕ್ಕಿಂತ ತುಸು ದೊಡ್ಡದೇ ಆಗುತ್ತದೆ. ಚುಕ್ಕೆಗಳು ಹೆಚ್ಚಿರುವುದರಿಂದ ಅಂಚು ನುಣುಪಾಗಿರುತ್ತದೆ. ಎಚ್‌ಡಿ ಪರದೆಯಲ್ಲಿ ಹೀಗೆ ಏರಿಸಿದರೆ ಜಾಗವೇ ಸಾಲದು. ಅರ್ಜಿಯ ಕೆಳತುದಿಯ ಗುಂಡಿ ಪರದೆಯ ಹೊರಗೆ ಹೋಗಿಬಿಡಬಹುದು.

ಯಾರಿಗೆ ಯಾವುದು?

ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಶಿಕಾರಿಪುರದ ಕಾಲೇಜಿಗೋ ಹೋಗುವ ವಿದ್ಯಾರ್ಥಿ ಲ್ಯಾಪ್‌ಟಾಪನ್ನು ಚೀಲದಲ್ಲಿ ಹೊತ್ತು ಬಸ್ಸಿನಲ್ಲಿ ನಿಲ್ಲಬೇಕು. ಅಂಥವರಿಗೆ 14 ಇಂಚು ಒಳ್ಳೆಯದು. 1920ಕ್ಕೆ 1200 ಚುಕ್ಕೆಯ ಎತ್ತರದ ಪರದೆ ಕೈಗೆಟಕುವ ಬೆಲೆಗೆ ಸಿಕ್ಕಿದರೆ ಅದೇ ಉತ್ತಮ.

ಮನೆಯಲ್ಲಿಯೇ ಇಟ್ಟು ಬಳಸುವವರು, ಹಾಲಿನ ಸಂಘದ ಅಥವಾ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು, ಕಣ್ಣು ಮಂದವಾದ ಹಿರಿಯರು 15.6 ಇಂಚಿನದನ್ನು ಕೊಳ್ಳಬಹುದು. ಇವುಗಳಲ್ಲಿ ಅನೇಕಕ್ಕೆ ಬಲಗಡೆ ಅಂಕಿಗಳ ಪ್ರತ್ಯೇಕ ಗುಂಡಿಗಳಿರುತ್ತವೆ. ಲೆಕ್ಕದವರಿಗೆ ಇದು ದೊಡ್ಡ ಸಹಾಯ.

ಇನ್ನು ‘4ಕೆ’ ಎಂಬ ಪರದೆಯುಂಟು. ಅದರಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು. ಬೆಲೆ ಹೆಚ್ಚು, ಬ್ಯಾಟರಿಯನ್ನೂ ಹೆಚ್ಚು ತಿನ್ನುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಮಲೆನಾಡಿನಲ್ಲಿ ಇದು ಯೋಚಿಸತಕ್ಕ ಮಾತು. ನಮ್ಮ ಓದು, ಲೆಕ್ಕ, ಅರ್ಜಿಯ ಕೆಲಸಗಳಿಗೆ ಅಷ್ಟು ಬೇಡ. ಬೆಳೆಗೆ ಬೇಕಾದಷ್ಟು ಗೊಬ್ಬರ ಹಾಕಿದರೆ ಸಾಕು. ಹೆಚ್ಚಿಗೆ ಸುರಿದರೆ ಇಳುವರಿ ಏರದು, ಖರ್ಚು ಏರುತ್ತದೆ. ಹಾಗೆಂದು ಹಳೆಯ 1366ರ ಲ್ಯಾಪ್‌ಟಾಪ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವುದೂ ಬೇಡ.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆ

ಕೊಳ್ಳಲು ಹೋಗುವಾಗ ಅದನ್ನು ಬಳಸುವ ಮಗುವನ್ನು ಕರೆದೊಯ್ಯಿರಿ. ಹಿರಿಯರು ಕನ್ನಡಕ ಮರೆಯದಿರಲಿ.

1. ಅಂಗಡಿಯಲ್ಲಿ ಓಡಿಸುವ ಬಣ್ಣಬಣ್ಣದ ಸಿನಿಮಾ ಚಿತ್ರವನ್ನು ನಿಲ್ಲಿಸಲು ಹೇಳಿ. ನಿಮ್ಮದೇ ಪಹಣಿಯ ಕಂಪ್ಯೂಟರ್ ಪ್ರತಿಯನ್ನೋ ಕನ್ನಡ ಪತ್ರಿಕೆಯನ್ನೋ ತೆರೆಯಿಸಿ.

2. ತೋಳಿನಳತೆ ದೂರ ಕುಳಿತು ಓದಿ. ಒತ್ತಕ್ಷರ ಬಿಡಿಬಿಡಿಯಾಗಿ ಕಾಣಬೇಕು. ದ ಮತ್ತು ಧ ಬೇರೆಯಾಗಿ ತಿಳಿಯಬೇಕು.

3. ಬದಿಗೆ ಸರಿದು, ಎದ್ದು ನಿಂತು ನೋಡಿ. ಬಣ್ಣ ಕೆಟ್ಟು ಕಪ್ಪಾದರೆ ಮನೆಯವರೆಲ್ಲ ಸುತ್ತ ಕುಳಿತು ನೋಡಲಾಗದು. ‘ಐಪಿಎಸ್’ ಎಂಬ ಜಾತಿಯ ಪರದೆ ಈ ವಿಷಯದಲ್ಲಿ ‘ಟಿಎನ್’ ಜಾತಿಗಿಂತ ಮೇಲು.

4. ಬಾಗಿಲ ಬೆಳಕಿಗೆ ತಿರುಗಿಸಿ. ಕನ್ನಡಿಯಂತೆ ನಿಮ್ಮ ಮುಖವೇ ಕಂಡರೆ ಜಗಲಿಯ ಮೇಲೆ ಕುಳಿತು ಓದುವುದು ಕಷ್ಟ. ಹೊಳಪಿಲ್ಲದ ಮೈ ಇರುವುದನ್ನು ಆರಿಸಿ.

5. ಬಿಲ್ಲಿಗೆ ಹಣ ಕೊಡುವ ಮುನ್ನ 1920 ಎಂಬ ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಥವಾ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಕಣ್ಣಾರೆ ನೋಡಿ.

ಬಾಂಧವರೇ, ಇಂಚು ನೋಡಿ ಕೊಳ್ಳಬೇಡಿ, ಅಕ್ಷರ ನೋಡಿ ಕೊಳ್ಳಿ. ಬಳಸುವವರ ಕಣ್ಣಿಗೆ ಕನ್ನಡದ ಒತ್ತಕ್ಷರ ತೊಡಕಿಲ್ಲದೆ ಕಂಡರೆ ಆ ಪರದೆ ಒಳ್ಳೆಯದು. ಈ ಹಂಗಾಮಿನಲ್ಲಿ ಲ್ಯಾಪ್‌ಟಾಪ್ ತರುವ ಯೋಚನೆಯುಳ್ಳವರು ಸಭೆ ಮುಗಿದ ಮೇಲೆ ನಿಲ್ಲಬೇಕು. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಹಣದಲ್ಲಿ ಎಂಬುದನ್ನು ಹೇಳಿದರೆ ಅಂಗಡಿಯಲ್ಲಿ ಕೇಳಬೇಕಾದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.