ಕಾಳಿಯ ಕಲ್ಲು



ಫೊಯರ್‌ಬಾಕ್ ಸೇರಿರುವ ಸ್ಟುಟ್‌ಗಾರ್ಟ್ ನಗರದಲ್ಲಿ 1837ರಲ್ಲೇ ಪಾದ್ರಿ ಆಲ್ಬರ್ಟ್ ಕ್ನಾಪ್ ಪ್ರಾಣಿದಯಾ ಸಂಘ ಕಟ್ಟಿದರು. ಇಂದು ಇಲ್ಲಿ ಲಿಂಫೋಮಾ ಬಂದ ನಾಯಿಗೂ ಕೀಮೋಥೆರಪಿಯುಂಟು. ಅದು ರೋಗವನ್ನು ಬೇರುಸಹಿತ ಕೀಳುವುದು ಅಪರೂಪ. ಹಲವು ನಾಯಿಗಳಿಗೆ ನೆಮ್ಮದಿಯ ಕೆಲವು ತಿಂಗಳುಗಳನ್ನು ಕೊಡುತ್ತದೆ. ಹಸಿವು, ನಡಿಗೆ, ನಿದ್ದೆ ಮೂರೂ ಕುಸಿದಾಗ ಪ್ರಶ್ನೆ ಏಳುತ್ತದೆ: ಚಿಕಿತ್ಸೆ ನಾಯಿಗಾಗಿಯೋ, ಅಗಲಲಾರದ ಮನೆಯವರಿಗಾಗಿಯೋ?

ಸುಮಾರು 950ರಲ್ಲಿ, ಯುದ್ಧದ ಶೌರ್ಯಕ್ಕೆ ಮೆಚ್ಚುಗೆಯಾಗಿ ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ ಮಡಿದಾಗ ಆತಕೂರಿನಲ್ಲಿ ಅದರ ನೆನಪಿಗೆ ಕಲ್ಲು ನಿಂತಿತು. ಕಾಳಿಯ ಎದುರಾಳಿ ಕಣ್ಣೆದುರಿಗಿತ್ತು. ಕ್ಯಾನ್ಸರ್ ಬಂದ ನಾಯಿಗೆ ತನ್ನನ್ನು ಕಾಡುತ್ತಿರುವುದು ಏನೆಂಬುದೇ ತಿಳಿಯದು. ಸಾಕೆನ್ನುವ ಹೊಣೆ ಅದನ್ನು ಪ್ರೀತಿಸಿದವರದು. ಕಲ್ಲು ನಿಲ್ಲಿಸಲಾಗದಿದ್ದರೂ, ಪಶುವೈದ್ಯರು ಕೊನೆಯ ಸೂಜಿ ಚುಚ್ಚುವಾಗ ಪರಿಚಿತ ಅಂಗೈಯೊಂದು ಅದರ ತಲೆಯ ಮೇಲಿರಲಿ.