ಡೊಂಬಿವಲಿಯ ಹಾಲು, ಊರಿನ ಹಾಲು



ಡೊಂಬಿವಲಿಯ ಕನ್ನಡಿಗರ ಮನೆಯೊಂದಕ್ಕೆ ಕುಂದಾಪುರದಿಂದಲೋ ಸಾಗರದಿಂದಲೋ ಹಿರಿಯರೊಬ್ಬರು ಬಂದಿಳಿದು, ಪ್ರಯಾಣದ ಆಯಾಸ ಕಳೆಯಲೆಂದು ಮುಂದಿಟ್ಟ ಕಾಫಿಯನ್ನು ಒಂದು ಗುಟುಕು ಹೀರಿದೊಡನೆ ಲೋಟವನ್ನು ಕೆಳಗಿರಿಸಿ, 'ಇದು ಹಾಲೇನೋ ಹೌದು, ಆದರೆ ಊರಿನ ಹಾಲಲ್ಲ. ನಿಮ್ಮ ಹಾಲಿನ ಭಯ್ಯಾ ಏನನ್ನೋ ಬೆರೆಸುತ್ತಾನೆ' ಎಂದು ತೀರ್ಪು ಕೊಡುವುದು ಈ ಪ್ರಾಂತದಲ್ಲಿ ನೆಲೆಸಿದ ನಮಗೆಲ್ಲ ಪರಿಚಿತವಾದ ಪ್ರಸಂಗ. ನಮ್ಮ ಸೋದರತ್ತೆಯವರು ಪ್ರಥಮ ಬಾರಿಗೆ ಬಂದಾಗ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಹಾಲಿಗೆ ನೀರು ಬೆರೆಸುವ ವಿದ್ಯೆ ಲೋಕದಲ್ಲಿ ಬಹು ಪುರಾತನವಾದುದರಿಂದ ಅವರ ಶಂಕೆಯನ್ನು ನಿರಾಧಾರವೆನ್ನುವಂತಿಲ್ಲ. ಆದರೂ ರುಚಿ ಬೇರೆಯಾದಾಗಲೆಲ್ಲ ಮನುಷ್ಯನ ಕೈವಾಡವನ್ನೇ ಸಂದೇಹಿಸುವುದು ಪಶುವಿಗೂ ಮೇವಿಗೂ ಬೆಂಕಿಗೂ ಬೆಳಕಿಗೂ ಮಾಡುವ ಅನ್ಯಾಯವೆಂದು ನನಗೆ ತೋರುತ್ತದೆ. ನಾವು ಕೊರತೆಯೆಂದು ದೂರುವುದು ಎಷ್ಟೋ ಸಲ ವಾಸ್ತವವಾಗಿ ಹೆಚ್ಚಳವೇ ಆಗಿರುತ್ತದೆ.

ನಮ್ಮ ಕರಾವಳಿ ಮಲೆನಾಡುಗಳ ಗಿಡ್ಡ ಜಾತಿಯ ಹಸು, ಗುಡ್ಡದಲ್ಲಿ ತಾನೇ ಮೇಯ್ದು ಬಂದು, ಒಂದು ಹೊತ್ತಿಗೆ ಒಂದು ತಂಬಿಗೆಯಷ್ಟು ಕೊಟ್ಟರೆ ಅದೇ ಭಾಗ್ಯವೆಂದುಕೊಳ್ಳುವ ಪ್ರಾಣಿ. ಕಲ್ಯಾಣದ ಖಾಡಿಯ ಕಡೆ ಹೋದರೆ ಕಾಣುವುದು ಬೇರೊಂದು ಪ್ರಪಂಚ: ಸಾಲುಸಾಲಾಗಿ ಕಟ್ಟಿದ ಎಮ್ಮೆಗಳು, ಹಿಂಡಿ ಬೂಸಗಳ ಮೂಟೆಗಳು, ನಸುಕಿಗೆ ಮುನ್ನವೇ ತೊಡಗುವ ಕರೆಯುವ ಕೆಲಸ, ಇಲ್ಲಿಯವರ ಮಾತಿನಲ್ಲಿ ತಬೇಲ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಎಮ್ಮೆಯ ಹಾಲಿನಲ್ಲಿ 83ರ ಆಸುಪಾಸು. ಹಸುವಿನ ಹಾಲಿನ ಕೊಬ್ಬು ನೂರಕ್ಕೆ ನಾಲ್ಕರ ಹತ್ತಿರ ನಿಂತರೆ ಎಮ್ಮೆಯದು ಆರನ್ನು ದಾಟಿ ಏಳೆಂಟರವರೆಗೂ ಹೋಗುತ್ತದೆ. ಸಕ್ಕರೆಯ ಅಂಶವಾದರೋ ಎರಡರಲ್ಲಿಯೂ ಬಹುಮಟ್ಟಿಗೆ ಸಮಾನವೇ. ಎಮ್ಮೆಯ ಹಾಲನ್ನು ಕುಡಿದಾಗ ನಾಲಗೆಯ ಮೇಲೆ ಪಸರಿಸುವ ಆ ಭಾರವಾದ ನುಣುಪು ಕೊಬ್ಬಿನದು. ಅದೇ ನುಣುಪು ಡಿಕಾಕ್ಷನ್ನಿನ ಕಹಿಯನ್ನು ಮುಚ್ಚಿಬಿಡುವುದರಿಂದ, ಊರಿನ ಕಾಫಿಯ ಚುರುಕನ್ನು ಬಲ್ಲ ನಾಲಗೆಗೆ ಇಲ್ಲಿನದು ಮಂಕಾಗಿ ತೋರುತ್ತದೆ. ಬಣ್ಣದ ಭೇದಕ್ಕೂ ಕಾರಣವುಂಟು. ಹಸಿರು ಹುಲ್ಲಿನಲ್ಲಿರುವ ಕ್ಯಾರೋಟೀನೆಂಬ ಹಳದಿ ವಸ್ತುವಿನ ಒಂದು ಪಾಲನ್ನು ಹಸು ಹಾಗೆಯೇ ತನ್ನ ಬೆಣ್ಣೆಗೆ ಇಳಿಸುತ್ತದೆ; ಎಮ್ಮೆ ಅದನ್ನು ಒಡಲಿನಲ್ಲಿಯೇ ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳುವುದರಿಂದ ಅದರ ಹಾಲೂ ಬೆಣ್ಣೆಯೂ ಶುಭ್ರಶ್ವೇತ. ಆಡಿನ ಹಾಲಿನ ಸೊಗಡಿಗೆ ಅದರ ಕೊಬ್ಬಿನಲ್ಲಿ ವಿಶೇಷವಾಗಿರುವ ಕೆಲವು ಆಮ್ಲಗಳು ಕಾರಣ. ಆಡನ್ನು ಹೇಳುವ ಲ್ಯಾಟಿನ್ ಶಬ್ದದಿಂದಲೇ ರಸಾಯನಶಾಸ್ತ್ರಜ್ಞರು ಅವುಗಳಿಗೆ ಹೆಸರಿಟ್ಟಿದ್ದಾರೆ.

ಪಶು ಒಂದೇ ಆದರೂ ರುಚಿ ಸ್ಥಿರವಲ್ಲ. ಈರುಳ್ಳಿ ಬೆಳ್ಳುಳ್ಳಿಗಳ ಸೊಪ್ಪನ್ನು ತಿಂದ ಪಶುವಿನ ಹಾಲಿಗೆ ಕೆಲವೇ ಗಳಿಗೆಗಳಲ್ಲಿ ಆ ವಾಸನೆ ತಗಲುತ್ತದೆ; ತಿನ್ನುವುದಿರಲಿ, ಮೂಸಿದ ಗಂಧವೂ ಶ್ವಾಸದ ಮಾರ್ಗವಾಗಿ ರಕ್ತಕ್ಕೆ, ರಕ್ತದಿಂದ ಕೆಚ್ಚಲಿಗೆ ತಲಪುವುದುಂಟು. ಈದು ಬಹಳ ತಿಂಗಳಾಗಿ ಬತ್ತುತ್ತ ಬಂದ ಎಮ್ಮೆಯ ಹಾಲಿನಲ್ಲಿ ಸಿಹಿ ಇಳಿದು ಉಪ್ಪು ಏರುತ್ತದೆ. ನಮ್ಮ ಅಜ್ಜಿಯರು ಒಂದು ತೊಟ್ಟು ನಾಲಗೆಗಿಟ್ಟು 'ಬತ್ತುಗಾಲ ಬಂತು' ಎನ್ನುತ್ತಿದ್ದುದು ಈ ಲವಣದ ಬಲದಿಂದಲೇ.

ಇನ್ನು ತಬೇಲವನ್ನು ಕಣ್ಣಿನಿಂದಲೂ ನೋಡದೆ ಚೀಲದ ಹಾಲನ್ನೇ ನಂಬಿದವರ ಸಂಗತಿ. ಠಾಣೆಯಲ್ಲಾಗಲಿ ನವಿ ಮುಂಬಯಿಯಲ್ಲಾಗಲಿ ಅಂಗಡಿಯ ಮುಂದೆ ಬೆಳಗಿನ ಜಾವ ಬಂದು ಬೀಳುವ ಚೀಲಗಳಲ್ಲಿ ಕೊಲ್ಲಾಪುರದ ಕಡೆಯದೂ ಉಂಟು, ಗುಜರಾತದ್ದೂ ಉಂಟು. ನೂರಾರು ಹಳ್ಳಿಗಳ ಹಾಲು ಒಂದೇ ಕಡಾಯಿಯಲ್ಲಿ ಸೇರಿ, ಸರಕಾರ ಗೊತ್ತುಮಾಡಿದ ಅಳತೆಗೆ ಸರಿದೂಗಿ ಬರುವಂಥದು. ಫುಲ್ ಕ್ರೀಮ್ ಎಂದಿದ್ದರೆ ಕೊಬ್ಬು ನೂರಕ್ಕೆ 6, ಟೋನ್ಡ್ ಎಂದಿದ್ದರೆ 3, ಡಬಲ್ ಟೋನ್ಡ್ ಆದರೆ ಒಂದೂವರೆ. ಈ ಟೋನ್ಡ್ ಹಾಲಿನ ಜನ್ಮಸ್ಥಾನ ಹೊರದೇಶವಲ್ಲ, ನಮ್ಮ ಪಕ್ಕದ ಮುಂಬಯಿಯೇ. 1946ರ ಸುಮಾರಿಗೆ, ನಗರದ ಹಾಲಿನ ಸರಬರಾಯಿಯ ಹೊಣೆ ಹೊತ್ತಿದ್ದ ದಾರಾ ಖುರೋಡಿಯವರು, ಎಮ್ಮೆಯ ಗಟ್ಟಿ ಹಾಲಿಗೆ ನೀರನ್ನೂ, ಆ ನೀರಿನಿಂದ ಉಳಿದ ಸತ್ವವು ತೆಳುವಾಗದಂತೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ಕೂಡಿಸಿ, ಇದ್ದ ಹಾಲನ್ನು ಹೆಚ್ಚಿಸಿ ಬಡವರ ಕೈಗೆಟಕುವ ಬೆಲೆಗೆ ತರುವ ಉಪಾಯವನ್ನು ಕಂಡುಹಿಡಿದರು. ಗೋರೆಗಾಂವದ ಆರೆ ಹಾಲಿನ ಕಾಲೊನಿ 1949ರಲ್ಲಿ ಆರಂಭವಾದುದೂ ಅವರ ಕಾಲದಲ್ಲಿಯೇ. 1963ರಲ್ಲಿ ವರ್ಗೀಸ್ ಕುರಿಯನ್, ತ್ರಿಭುವನದಾಸ ಪಟೇಲರ ಜೊತೆಗೆ ಅವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 1970ರಿಂದ ಮುಂದೆ, ಆಪರೇಷನ್ ಫ್ಲಡ್ ಎಂಬ ಯೋಜನೆಯ ಮೂಲಕ, ಯುರೋಪಿನಲ್ಲಿ ಮಿಕ್ಕಿದ್ದ ಪುಡಿಯೂ ಬೆಣ್ಣೆಯೆಣ್ಣೆಯೂ ಇಲ್ಲಿಯ ನೀರಿನಲ್ಲಿ ಕರಗಿ ಹಾಲಾಗಿ ಮಹಾನಗರಗಳ ಮನೆಗಳನ್ನು ಹೊಕ್ಕವು. ಅಂದಮೇಲೆ ಆ ಹಾಲಿಗೆ ಯಾವ ಊರಿನ ರುಚಿ ಇರಬೇಕಾಗಿತ್ತೆಂದು ಕೇಳುವುದೇ ವ್ಯರ್ಥ.

ಬೆಂಕಿಯೂ ತನ್ನ ಮುದ್ರೆಯನ್ನು ಒತ್ತದೆ ಬಿಡುವುದಿಲ್ಲ. ಚೀಲದ ಹಾಲನ್ನು 72 ಡಿಗ್ರಿಯಷ್ಟು ಶಾಖದಲ್ಲಿ ಹದಿನೈದು ಸೆಕೆಂಡು ಹಿಡಿದು ಒಡನೆಯೇ ತಣಿಸುವುದರಿಂದ ಅದರ ಪರಿಮಳ ಬಹಳ ಕೆಡುವುದಿಲ್ಲ. ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದ ಪೆಟ್ಟಿಗೆಯ ಹಾಲನ್ನಾದರೋ 135 ಡಿಗ್ರಿಗೂ ಮೇಲೆ ಕಾಯಿಸಿರುತ್ತಾರೆ. ಆಗ ಹಾಲಿನ ಸಸಾರಜನಕದೊಳಗಿನ ಗಂಧಕ ಸಡಿಲಗೊಂಡು, ಬೇಯಿಸಿದ ವಾಸನೆಯೊಂದು ಅದರಲ್ಲಿ ನೆಲೆಸುತ್ತದೆ. ಆದರೆ ಕಾಯಿಸಿ ಬಂದ ಹಾಲನ್ನು ಮನೆಗೆ ತಂದು ಮೂರು ಸಲ ಉಕ್ಕಿಸಿ, ಆಮೇಲೆ ಡೇರಿಯನ್ನು ನಿಂದಿಸುವ ನಮ್ಮ ಪದ್ಧತಿಯನ್ನು ಯಾವ ಶಾಸ್ತ್ರದಿಂದ ಸಮರ್ಥಿಸೋಣ! ಬೆಳಕು ಇನ್ನೂ ಕಪಟಿ. ಹಾಲನ್ನು ಗಾಜಿನ ಶೀಷೆಯಲ್ಲಿ ತುಂಬಿ ಬಾಲ್ಕನಿಯ ಎಳೆಬಿಸಿಲಿಗೆ ಕೆಲಹೊತ್ತು ಮರೆತುಬಿಟ್ಟರೆ ಸಾಕು, ಅದರೊಳಗಿನ ರೈಬೊಫ್ಲೇವಿನ್ ಎಂಬ ಜೀವಸತ್ವವು ಬಿಸಿಲನ್ನು ಹೀರಿ, ಸುಟ್ಟ ಗರಿಯನ್ನು ನೆನಪಿಗೆ ತರುವ ಒಂದು ನಾತವನ್ನು ಎಬ್ಬಿಸಿಬಿಡುತ್ತದೆ.

ಇವೆಲ್ಲವನ್ನೂ ನಮ್ಮ ಅತ್ತೆಯವರಿಗೆ ನಿವೇದಿಸಿದೆ. ಅವರು ಸಾವಧಾನವಾಗಿ ಕೇಳಿ, 'ನಿನ್ನ ಪುಸ್ತಕ ನಿನ್ನಲ್ಲೇ ಇರಲಿ ಮಾರಾಯ' ಎಂದರು. ಮೂರನೆಯ ದಿನ ಬೆಳಗ್ಗೆ ನಾನು ಎದ್ದು ಅಡಿಗೆಮನೆಗೆ ಹೋದಾಗ, ಊರಿನಲ್ಲಿ ಹಾಲು ತರುವವನನ್ನು ನೀರಿನ ನೆವದಿಂದ ನಲವತ್ತು ವರ್ಷ ಬೈದು ದಣಿದ ಆ ವೃದ್ಧೆ, ತಬೇಲದಿಂದ ಆಗತಾನೆ ಬಂದ ಎಮ್ಮೆಯ ಹಾಲಿಗೆ ತಮ್ಮ ಕೈಯಾರೆ ಅರ್ಧ ಲೋಟ ನೀರು ಹೊಯ್ದು ಒಲೆಯ ಮೇಲಿಡುತ್ತಿದ್ದರು. 'ಈಗ ನೋಡು' ಎಂದು ಲೋಟವನ್ನು ನನ್ನ ಮುಂದೆ ನೂಕಿದರು, 'ಈಗ ಊರಿನ ಕಾಫಿ.'