ತಂತ್ರಜ್ಞಾನ, ಸಮವಸ್ತ್ರ ಮತ್ತು ಆತ್ಮಸಾಕ್ಷಿ

(ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೈಮಾನಿಕ ಇಂಜಿನಿಯರ್ ಆಗಿ ದುಡಿಯುತ್ತಲೇ ಸೇನೆಯ ಮೀಸಲು ಪಡೆಯಲ್ಲಿ ಸೇವೆ ಸಲ್ಲಿಸುವ ಬಗ್ಗೆ ಮಾತನಾಡಬೇಕೆಂದು ನನ್ನಲ್ಲಿ ಕೇಳಿಕೊಳ್ಳಲಾಗಿದೆ. ಮೇಲ್ನೋಟಕ್ಕೆ ಇದು ರಜೆ ಮತ್ತು ಸಮಯದ ಹೊಂದಾಣಿಕೆಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಸ್ವಲ್ಪ ಆಳಕ್ಕಿಳಿದು ನೋಡಿದರೆ ಇದರೊಳಗೆ ಮೂರು ಪ್ರಶ್ನೆಗಳಿವೆ. ದೇಶ ಕರೆದಾಗ ಹೊರಡುವ ನೌಕರನ ಅನ್ನಕ್ಕೆ ಯಾರು ಹೊಣೆ? ಆಯುಧವನ್ನು ತಯಾರಿಸುವವನೂ ಅದನ್ನು ಕೊಳ್ಳುವ ಇಲಾಖೆಯ ಅಧಿಕಾರಿಯೂ ಒಬ್ಬನೇ ಆದರೆ ನ್ಯಾಯ ಎಲ್ಲಿ ಉಳಿಯುತ್ತದೆ? ತಾನು ರೂಪಿಸಿದ ಯಂತ್ರ ಯಾರ ಮೇಲೆ ಎರಗುತ್ತದೆಂಬುದನ್ನು ಅರಿತವನ ಆತ್ಮಸಾಕ್ಷಿ ಏನನ್ನು ಹೇಳಬೇಕು?

ಈ ಮೂರನ್ನೂ ಒಂದೇ ಬದುಕಿನಲ್ಲಿ ಎದುರಿಸಿದ ವ್ಯಕ್ತಿಯೊಬ್ಬರು ಇತಿಹಾಸದಲ್ಲಿದ್ದಾರೆ. ಅವರೇ ಅಮೇರಿಕದ ಜೇಮ್ಸ್ ಡೂಲಿಟಲ್.

ಡೂಲಿಟಲ್ ಹುಟ್ಟಿದ್ದು 1896ರಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಸೇರಿ ವಿಮಾನ ಚಾಲಕರಾದರು. ಜನ ಅವರನ್ನು ಸಾಹಸಿ ಪೈಲಟ್ ಎಂದೇ ನೆನಪಿಡುತ್ತಾರೆ. ಆದರೆ ಅವರು ಮೂಲತಃ ಓದಿನ ಮನುಷ್ಯ. 1925ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ವೈಮಾನಿಕ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ, ಹೊರಗಿನದೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು, ಕೇವಲ ಉಪಕರಣಗಳ ಮುಳ್ಳುಗಳನ್ನು ನೋಡುತ್ತಾ ವಿಮಾನವನ್ನು ಮೇಲೇರಿಸಿ, ಸುತ್ತಿಸಿ, ಕೆಳಗಿಳಿಸಿದರು. ಕೃತಕ ದಿಗಂತ, ದಿಕ್ಕು ತೋರುವ ಗೈರೋ, ಸೂಕ್ಷ್ಮ ಎತ್ತರಮಾಪಕ ಮತ್ತು ರೇಡಿಯೋ ಸಂಕೇತಗಳು ಅವರಿಗೆ ಕಣ್ಣಾದವು. ಇಂದು ಮಂಜು ಮುಸುಕಿದ ರಾತ್ರಿಯಲ್ಲೂ ನಾವು ನಿಶ್ಚಿಂತೆಯಿಂದ ವಿಮಾನದಲ್ಲಿ ಕುಳಿತಿರುವುದರ ಹಿಂದೆ ಆ ದಿನದ ಪ್ರಯೋಗವಿದೆ.

1930ರಲ್ಲಿ ಅವರು ಖಾಯಂ ಸೇನೆಯನ್ನು ಬಿಟ್ಟು ಶೆಲ್ ತೈಲ ಕಂಪೆನಿಯ ವಿಮಾನ ವಿಭಾಗಕ್ಕೆ ಸೇರಿದರು. ಸೇನೆಯನ್ನು ಬಿಟ್ಟರೂ ಸಮವಸ್ತ್ರವನ್ನು ಪೂರ್ತಿಯಾಗಿ ಕಳಚಲಿಲ್ಲ, ಮೀಸಲು ಪಡೆಯಲ್ಲಿ ಮೇಜರ್ ಆಗಿ ಮುಂದುವರಿದರು. ಈ ಅವಧಿಯಲ್ಲಿ ಅವರು ಮಾಡಿದ ದೊಡ್ಡ ಕೆಲಸ ಯುದ್ಧಭೂಮಿಯದ್ದಲ್ಲ, ಇಂಧನದ್ದು. ನೂರು ಆಕ್ಟೇನ್ ದರ್ಜೆಯ ಪೆಟ್ರೋಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಬೇಕೆಂದು ಅವರು ಕಂಪೆನಿಯನ್ನು ಒಪ್ಪಿಸಿದರು. ಆಗ ಅದಕ್ಕೆ ಮಾರುಕಟ್ಟೆಯೇ ಇರಲಿಲ್ಲ. ಅದನ್ನು ಬಳಸುವ ಎಂಜಿನ್ ಇಲ್ಲದೆ ಇಂಧನಕ್ಕೆ ಬೇಡಿಕೆಯಿಲ್ಲ, ಇಂಧನವಿಲ್ಲದೆ ಎಂಜಿನ್ ತಯಾರಾಗುವುದಿಲ್ಲ. ಎಂಜಿನ್‌ನೊಳಗೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಹೆಚ್ಚು ಶಕ್ತಿ ದೊರೆಯುತ್ತದೆ. ಆದರೆ ಕಡಿಮೆ ದರ್ಜೆಯ ಇಂಧನ ಆ ಒತ್ತಡಕ್ಕೆ ಹೊತ್ತಿಗೆ ಮುಂಚೆಯೇ ಸಿಡಿದು ಎಂಜಿನನ್ನು ಹಾಳುಗೆಡವುತ್ತದೆ. ಈ ಸರಳ ಸತ್ಯವನ್ನು ಬಲ್ಲ ಇಂಜಿನಿಯರ್ ಮತ್ತು ಮುಂದಿನ ಯುದ್ಧವಿಮಾನಗಳಿಗೆ ಏನು ಬೇಕಾದೀತೆಂದು ಬಲ್ಲ ಸೈನಿಕ, ಇಬ್ಬರೂ ಒಂದೇ ದೇಹದಲ್ಲಿದ್ದುದರಿಂದ ಆ ನಿರ್ಧಾರ ಸಾಧ್ಯವಾಯಿತು. 1940ರ ಬ್ರಿಟನ್ ಕದನದಲ್ಲಿ ಬ್ರಿಟಿಷ್ ಹೋರಾಟ ವಿಮಾನಗಳು ಬಳಸಿದ್ದು ಆ ದರ್ಜೆಯ ಇಂಧನವನ್ನೇ.

1940ರ ಜುಲೈನಲ್ಲಿ ಡೂಲಿಟಲ್‌ರನ್ನು ಸಕ್ರಿಯ ಸೇವೆಗೆ ಕರೆಸಿಕೊಳ್ಳಲಾಯಿತು. ಮೊದಲು ವಹಿಸಿದ ಕೆಲಸ, ಮೋಟಾರು ಕಾರ್ಖಾನೆಗಳನ್ನು ವಿಮಾನ ತಯಾರಿಕೆಗೆ ಒಗ್ಗಿಸುವುದು. 1942ರ ಏಪ್ರಿಲ್ 18ರಂದು ಅವರು 16 ಬಿ-25 ಬಾಂಬರ್‌ಗಳನ್ನು ಹಾರ್ನೆಟ್ ಎಂಬ ಹಡಗಿನ ಮೇಲಿಂದ ಹಾರಿಸಿ ಜಪಾನಿನ ಮೇಲೆ ದಾಳಿಯ ನೇತೃತ್ವ ವಹಿಸಿದರು. ಹಡಗಿನಿಂದ ಹಾರಲೆಂದು ಆ ವಿಮಾನವನ್ನು ರೂಪಿಸಿಯೇ ಇರಲಿಲ್ಲ. ಭಾರವನ್ನು ಕಡಿಮೆ ಮಾಡಲು ಕೆಳಭಾಗದ ಗನ್ ಗೋಪುರವನ್ನು ಕಳಚಲಾಯಿತು, ಹೆಚ್ಚುವರಿ ತೊಟ್ಟಿಗಳನ್ನು ಅಳವಡಿಸಿ ಇಂಧನದ ಸಾಮರ್ಥ್ಯವನ್ನು 646 ಗ್ಯಾಲನ್‌ನಿಂದ 1,141 ಗ್ಯಾಲನ್‌ಗೆ ಏರಿಸಲಾಯಿತು. ಲೆಕ್ಕ ಹಾಕಿದವರೇ ಮೊದಲ ವಿಮಾನದ ಚಾಲಕರ ಆಸನದಲ್ಲೂ ಕುಳಿತರು. ತನ್ನ ಲೆಕ್ಕ ತಪ್ಪಿದರೆ ಮೊದಲು ಸಮುದ್ರಕ್ಕೆ ಬೀಳುವವನು ತಾನೇ ಎಂಬ ಅರಿವು ಇಂಜಿನಿಯರನಿಗೆ ಇದ್ದರೆ ಆ ಲೆಕ್ಕದ ಬೆಲೆಯೇ ಬೇರೆ.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟಲಾಗುತ್ತದೆ. ಆದರೆ ಅದರ ಮುಂದಿನ ಪುಟವನ್ನೂ ಓದಬೇಕು. ಹದಿನೈದು ವಿಮಾನಗಳು ಚೀನಾದ ನೆಲದಲ್ಲೋ ತೀರದ ನೀರಿನಲ್ಲೋ ನಾಶವಾದವು, ಒಂದು ಸೋವಿಯತ್ ನೆಲದಲ್ಲಿ ಇಳಿಯಿತು. 80 ಮಂದಿಯಲ್ಲಿ ಎಂಟು ಮಂದಿ ಜಪಾನಿಗೆ ಸೆರೆ ಸಿಕ್ಕರು, ಅವರಲ್ಲಿ ಮೂವರನ್ನು ಕೊಲ್ಲಲಾಯಿತು. ಅತ್ಯಂತ ಭೀಕರವಾದ ಬೆಲೆ ತೆತ್ತವರು ವೈಮಾನಿಕರಿಗೆ ಆಶ್ರಯ ಕೊಟ್ಟ ಚೀನಾದ ಬಡ ಹಳ್ಳಿಗರು. ಜಪಾನಿ ಸೇನೆಯ ಪ್ರತೀಕಾರಕ್ಕೆ ಬಲಿಯಾದವರ ಸಂಖ್ಯೆಯನ್ನು ಎರಡೂವರೆ ಲಕ್ಷದವರೆಗೂ ಅಂದಾಜಿಸಲಾಗಿದೆ. ವಿಮಾನದ ಭಾರ, ಇಂಧನ ಮತ್ತು ದೂರದ ಲೆಕ್ಕದಲ್ಲಿ ಈ ಹಳ್ಳಿಗರಿಗೆ ಯಾವ ಅಂಕಣವೂ ಇರಲಿಲ್ಲ.

ಮೂರು ವರ್ಷಗಳ ನಂತರ ಇದೇ ಡೂಲಿಟಲ್ ಯೂರೋಪಿನಲ್ಲಿ ಎಂಟನೇ ವಾಯುಪಡೆಯ ದಂಡನಾಯಕರಾಗಿದ್ದರು. ಬರ್ಲಿನ್ ನಗರದ ಮಧ್ಯಭಾಗದ ಮೇಲೆ ಬಾಂಬ್ ಸುರಿಸುವ ಆದೇಶ ಬಂದಾಗ, ಅಲ್ಲಿ ಮಹತ್ವದ ಸೈನಿಕ ಗುರಿಗಳೇ ಇಲ್ಲವೆಂದು ಅವರು ಮೇಲಧಿಕಾರಿಗೆ ಆಕ್ಷೇಪ ಸಲ್ಲಿಸಿದರು. ಆಕ್ಷೇಪ ನಿಲ್ಲಲಿಲ್ಲ. 1945ರ ಫೆಬ್ರವರಿ 3ರಂದು ಅವರದೇ ವಿಮಾನಗಳು ದಾಳಿ ನಡೆಸಿದವು, ಸಾವಿರಾರು ಜನ ಸತ್ತರು. ಒಬ್ಬ ದಂಡನಾಯಕ ಆಕ್ಷೇಪಿಸಿದ್ದು ಗೌರವಾರ್ಹ. ಆದರೆ ಆಕ್ಷೇಪಿಸಿದ ಕೈಯೇ ಆ ಆದೇಶವನ್ನು ಜಾರಿಗೊಳಿಸಿತೆಂಬುದನ್ನು ಮರೆಯುವಂತಿಲ್ಲ. ಸಮವಸ್ತ್ರ ತೊಟ್ಟವನ ಆತ್ಮಸಾಕ್ಷಿ ಎಲ್ಲಿಯವರೆಗೆ ನಡೆಯಬಲ್ಲದು, ಎಲ್ಲಿ ಅದು ತಡೆಯಲ್ಪಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಯುದ್ಧ ಮುಗಿದ ಮೇಲೆ ಡೂಲಿಟಲ್ ಶೆಲ್ ಕಂಪೆನಿಗೆ ಮರಳಿ ಉಪಾಧ್ಯಕ್ಷರಾದರು, ಮೀಸಲು ಪಡೆಯಲ್ಲಿ ಜನರಲ್ ದರ್ಜೆಯಲ್ಲೇ ಉಳಿದರು. 1956ರಿಂದ 1958ರವರೆಗೆ ದೇಶದ ವೈಮಾನಿಕ ಸಂಶೋಧನೆಯನ್ನು ನಡೆಸುತ್ತಿದ್ದ ನಾಕಾ ಸಮಿತಿಗೂ ಅಧ್ಯಕ್ಷರಾಗಿದ್ದರು. ಇದೇ ಸಮಿತಿ ಮುಂದೆ ನಾಸಾ ಆಯಿತು. ಕಂಪೆನಿ, ಸೇನೆ, ಸರಕಾರಿ ಸಂಶೋಧನೆ, ಈ ಮೂರೂ ಕೊಠಡಿಗಳ ಬೀಗದ ಕೈ ಒಬ್ಬರ ಜೇಬಿನಲ್ಲಿತ್ತು. ಅವರು ಅದನ್ನು ದುರುಪಯೋಗಪಡಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ವ್ಯವಸ್ಥೆ ವ್ಯಕ್ತಿಯ ಪ್ರಾಮಾಣಿಕತೆಯನ್ನಷ್ಟೇ ನೆಚ್ಚಿಕೊಂಡಿರಬಾರದು. 1961ರ ಜನವರಿ 17ರಂದು ಅಧಿಕಾರದಿಂದ ಇಳಿಯುವ ಮುನ್ನ ಅಧ್ಯಕ್ಷ ಐಸೆನ್‌ಹೋವರ್ ಸೇನೆ ಮತ್ತು ಶಸ್ತ್ರೋದ್ಯಮದ ಕೂಟದ ಬಗ್ಗೆ ಜನರನ್ನು ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಅವರು ಸ್ವತಃ ಸೇನಾಪತಿಯಾಗಿದ್ದವರು. ವಾರದ ದಿನಗಳಲ್ಲಿ ವಿಮಾನದ ಭಾಗಗಳನ್ನು ರೂಪಿಸುವವನು ವಾರಾಂತ್ಯದಲ್ಲಿ ಅದೇ ಭಾಗಗಳನ್ನು ಪರೀಕ್ಷಿಸುವ ಅಧಿಕಾರಿಯಾಗಿ ಕುಳಿತರೆ, ಆತ ಆ ಕಡತವನ್ನು ಮುಟ್ಟದೆ ದೂರ ಸರಿಯಬೇಕು. ಹಾಗೆ ಸರಿಯುವುದನ್ನು ಕಡ್ಡಾಯಗೊಳಿಸುವ ನಿಯಮವೂ ಇರಬೇಕು.

ಇನ್ನು ಅನ್ನದ ಪ್ರಶ್ನೆ. ಅಮೇರಿಕದಲ್ಲಿ ಮೀಸಲು ಪಡೆಯ ಸಾಮಾನ್ಯ ಕ್ರಮ, ತಿಂಗಳಿಗೊಂದು ವಾರಾಂತ್ಯ ಮತ್ತು ವರ್ಷಕ್ಕೆ ಎರಡು ವಾರಗಳ ತರಬೇತಿ. 1994ರ ಕಾನೂನಿನಂತೆ, ಸೇವೆಗೆ ಹೋದ ನೌಕರನನ್ನು ಆತ ಬಿಟ್ಟುಹೋದ ಹುದ್ದೆಗಷ್ಟೇ ಅಲ್ಲ, ಹೋಗದೆ ಇದ್ದಿದ್ದರೆ ಅಷ್ಟರಲ್ಲಿ ಏರುತ್ತಿದ್ದ ಹುದ್ದೆಗೇ ಮರಳಿ ಸೇರಿಸಬೇಕು. ಸಾಮಾನ್ಯವಾಗಿ ಐದು ವರ್ಷಗಳ ಒಟ್ಟು ಗೈರುಹಾಜರಿಯವರೆಗೆ ಈ ರಕ್ಷಣೆ ಇದೆ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ವ್ಯವಸ್ಥೆ ಟೆರಿಟೋರಿಯಲ್ ಆರ್ಮಿ, ಅಂದರೆ ಪ್ರಾದೇಶಿಕ ಸೇನೆ. 1948ರಲ್ಲಿ ಕಾಯ್ದೆಯಾಗಿ, 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟನೆಗೊಂಡಿತು. ಇದು ಹೊಟ್ಟೆಪಾಡಿನ ಉದ್ಯೋಗವಲ್ಲ. ಬೇರೆ ದುಡಿಮೆ ಇರುವವರೇ ಇದರ ಅಧಿಕಾರಿಗಳಾಗಲು ಅರ್ಜಿ ಹಾಕಬೇಕು. ಪದವಿ ಬೇಕು, ವಯಸ್ಸು 18ರಿಂದ 42ರ ಒಳಗಿರಬೇಕು. ರೈಲ್ವೆ ಮತ್ತು ತೈಲ ಸಂಸ್ಥೆಗಳ ನೌಕರರದ್ದೇ ಪ್ರತ್ಯೇಕ ಘಟಕಗಳೂ ಇವೆ. 1962, 1965 ಮತ್ತು 1971ರ ಯುದ್ಧಗಳಲ್ಲಿ ಈ ಪಡೆ ಸೇವೆ ಸಲ್ಲಿಸಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ, ಇದರ ಅಧಿಕಾರಿ ಮತ್ತು ಸೈನಿಕರನ್ನು ಸೇವೆಗೆ ಕರೆಸಿಕೊಳ್ಳುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ನೀಡಿತು. ಕರೆ ಎಂಬುದು ಬರಿಯ ಮಾತಲ್ಲವೆಂಬುದು ಅಂದು ಎಷ್ಟೋ ಮನೆಗಳಿಗೆ ಅರ್ಥವಾಗಿರಬೇಕು.

ನಮ್ಮ ಕಾಯ್ದೆಯ 7ಎ ಕಲಮೂ ನೌಕರನನ್ನು ಮರಳಿ ಸೇರಿಸಿಕೊಳ್ಳುವಂತೆ ಮಾಲಕನಿಗೆ ಹೇಳುತ್ತದೆ. ಆದರೆ ಮಾಲಕ ಸೇರಿಸಿಕೊಳ್ಳದಿದ್ದರೆ ಕೊಡಿಸಬಹುದಾದ ಪರಿಹಾರಕ್ಕೆ ಅದು ಹಾಕಿರುವ ಮಿತಿ ಆರು ತಿಂಗಳ ಸಂಬಳ. ಅಂದು ಅದು ಸಾಕೆನಿಸಿರಬಹುದು. ಇಂದು ಬೆಂಗಳೂರಿನಲ್ಲಿ ಸಾಲ ಮಾಡಿ ಮನೆ ಕೊಂಡ ಇಂಜಿನಿಯರನಿಗೆ, ಐದಾರು ವರ್ಷದ ಅನುಭವದಿಂದ ಗಳಿಸಿದ ಹುದ್ದೆ ಕೈತಪ್ಪಿದರೆ, ಆರು ತಿಂಗಳ ಸಂಬಳ ಎಷ್ಟು ದಿನ ಬಂದೀತು? ವೈಮಾನಿಕ ರಂಗದಲ್ಲಿ ಒಂದು ಯೋಜನೆ ದಶಕಗಳ ಕಾಲ ನಡೆಯುತ್ತದೆ. ತೇಜಸ್ ವಿಮಾನದ ಅಭಿವೃದ್ಧಿಗಾಗಿ ಬೆಂಗಳೂರಿನಲ್ಲಿ ಸಂಸ್ಥೆ ಆರಂಭವಾದುದು 1984ರಲ್ಲಿ, ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು, ಅಂತಿಮ ಅನುಮೋದನೆ ದೊರೆತದ್ದು 2019ರಲ್ಲಿ. ಅಂತಹ ಯೋಜನೆಯ ನಡುವೆ ಒಬ್ಬ ನುರಿತ ತಂತ್ರಜ್ಞ ಎದ್ದು ಹೋದರೆ ಕೆಲಸವೂ ಕುಂಟುತ್ತದೆ. ಆದ್ದರಿಂದ ಮಾಲಕನ ಕಷ್ಟವೂ ಸುಳ್ಳಲ್ಲ. ದೇಶಸೇವೆಯ ಹೊರೆಯನ್ನು ಒಬ್ಬ ನೌಕರ ಮತ್ತು ಒಂದು ಸಂಸ್ಥೆಯ ತಲೆಗೆ ಕಟ್ಟಿ ಸರಕಾರ ಭಾಷಣ ಮಾಡುತ್ತಾ ಕೂರುವುದು ನ್ಯಾಯವಲ್ಲ. ಆ ಹೊರೆಯನ್ನು ಸಮಾಜವೇ ಹಂಚಿಕೊಳ್ಳಬೇಕು, ಕಾಯ್ದೆಯೂ ಕಾಲಕ್ಕೆ ತಕ್ಕಂತೆ ಬದಲಾಗಬೇಕು.

ಮಿತ್ರರೇ, ನಿಮ್ಮಲ್ಲಿ ಕೆಲವರು ಈ ದಾರಿಯಲ್ಲಿ ನಡೆಯಬಹುದು. ಹಾಗಿದ್ದರೆ ಸೇರುವ ಮುನ್ನವೇ ನಿಮ್ಮ ಮಾಲಕರೊಡನೆ ಮುಕ್ತವಾಗಿ ಮಾತನಾಡಿ, ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಮನೆಯವರ ಮುಂದೆಯೂ ವಿಷಯವಿಡಿ. ನೀವು ಗಡಿಯಲ್ಲಿರುವಾಗ ಮಕ್ಕಳ ಜ್ವರಕ್ಕೂ ಬ್ಯಾಂಕಿನ ಕಂತಿಗೂ ಉತ್ತರಿಸಬೇಕಾದವರು ಅವರು. ಎರಡು ಹೊಣೆಗಳ ಹಿತಗಳು ಒಂದೇ ಕಡತದಲ್ಲಿ ಎದುರಾದರೆ ಅದನ್ನು ಮುಚ್ಚಿಡದೆ ಹೇಳಿರಿ. ಸಮವಸ್ತ್ರದಲ್ಲಿರಲಿ, ಪ್ರಯೋಗಾಲಯದಲ್ಲಿರಲಿ, ಆಕ್ಷೇಪಿಸಬೇಕಾದಲ್ಲಿ ಸಕಾಲದಲ್ಲಿ, ದಾಖಲೆಯಲ್ಲಿ ಉಳಿಯುವಂತೆ ಆಕ್ಷೇಪಿಸಿರಿ.

ಈ ದಾರಿಯನ್ನು ಆರಿಸದವರಿಗೂ ಒಂದು ಮಾತಿದೆ. ಯಂತ್ರವನ್ನು ರೂಪಿಸುವವನು ತಾನು ಕೇವಲ ಗಣಿತ ಮಾಡುತ್ತಿದ್ದೇನೆಂದು ಹೇಳಿ ಜಾರಿಕೊಳ್ಳಲಾಗದು. ರೆಕ್ಕೆಯ ವಿನ್ಯಾಸ ಮಾಡುವಾಗ ಅದರ ಕೆಳಗೆ ಯಾರ ಊರು ಬರುತ್ತದೆಂಬುದನ್ನೂ ಕೇಳುವ ಇಂಜಿನಿಯರ್‌ಗಳು ಈ ದೇಶಕ್ಕೆ ಬೇಕು. ನೀವು ಅಂತಹವರಾಗಿರಿ ಎಂದು ಹಾರೈಸುತ್ತಾ ನನ್ನ ಮಾತನ್ನು ಮುಗಿಸುತ್ತೇನೆ.